ರೇಂಜ್ ಏರುತ್ತಿತ್ತು, ಟೈರು ಸವೆಯುತ್ತಿತ್ತು

ನನ್ನ ಎಲೆಕ್ಟ್ರಿಕ್ ಕಾರು ಹೊಸದರಲ್ಲಿ ಒಂದು ಯೂನಿಟ್ ಕರೆಂಟಿಗೆ 6.6 ಕಿ.ಮೀ. ಓಡುತ್ತಿತ್ತು. 31,000 ಕಿ.ಮೀ. ಮುಟ್ಟುವ ಹೊತ್ತಿಗೆ ಅದು 7.1ಕ್ಕೆ ಬಂದಿತ್ತು. ನನ್ನ ಕಾಲು ಹದಕ್ಕೆ ಬಂದಿದೆ, ಓಡಿಸುವುದು ಕಲಿತಿದ್ದೇನೆ ಅಂದುಕೊಂಡು ಖುಷಿಪಟ್ಟಿದ್ದೆ.

ಒಂದು ಸಂಜೆ ಮಳೆ ಶುರುವಾಗಿ ಹತ್ತು ನಿಮಿಷ ಆಗಿತ್ತು. ಸಿಗ್ನಲ್ ಹಸಿರಾಯಿತು. ಎಂದಿನಂತೆ ಆಕ್ಸಿಲರೇಟರ್ ಒತ್ತಿದೆ. ಮುಂದಿನ ಚಕ್ರ ಒಂದು ಕ್ಷಣ ನಿಂತಲ್ಲೇ ಗರ್ರನೆ ತಿರುಗಿತು. ಎದುರಿಗೆ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿನ ಹಳದಿ ದೀಪ ಮಿನುಗಿತು. ಪಕ್ಕದಲ್ಲಿ ಕೂತಿದ್ದ ಅಮ್ಮ, "ಯಾಕೋ, ಜಾರಿದ ಹಾಗಾಯ್ತಲ್ಲ?" ಅಂದರು. "ಏನಿಲ್ಲಮ್ಮ" ಅಂದೆ. ಆದರೆ ಅದೇ ವಾರ ಆ ದೀಪ ಇನ್ನೂ ಎರಡು ಸಲ ಬಂತು.

ಮರುವಾರ ಟೈರಿನ ಮೈಮೇಲೆ ಕೊರೆದಿರುವ ಸೀಳುಗಳ ಆಳ ಅಳೆಯುವ ಒಂದು ಪುಟ್ಟ ಗೇಜ್ ತಂದೆ. ಹೊಸ ಟೈರಿನಲ್ಲಿ ಆ ಸೀಳು ಸುಮಾರು 8 ಮಿ.ಮೀ. ಆಳ ಇರುತ್ತದೆ. ನನ್ನ ಹಿಂದಿನ ಟೈರುಗಳಲ್ಲಿ 4.7 ಉಳಿದಿತ್ತು. ಮುಂದಿನವುಗಳ ನಡುಭಾಗದಲ್ಲಿ 2.8. ಎಡ ಮುಂದಿನ ಟೈರಿನ ಒಳ ಅಂಚಿನಲ್ಲಿ ಬರೀ 2.3. ಈ ಒಳ ಅಂಚು ನಿಂತು ನೋಡಿದರೆ ಕಾಣುವುದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ನೋಡಬೇಕು.

ಮುಂದಿನವೇ ಯಾಕೆ ಇಷ್ಟು ಸವೆದವು? ನನ್ನ ಕಾರಿನ ಮೋಟರ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮೋಟರಿನ ಪೂರ್ತಿ ಬಲ ನಿಂತಲ್ಲಿಂದಲೇ ಸಿಗುತ್ತದೆ. ಬ್ಯಾಟರಿಯ ಭಾರ ಬೇರೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದೇ ಮೋಟರ್ ಗಾಡಿಯ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಅಂದರೆ ಎಳೆಯುವುದೂ ಆ ಎರಡು ಚಕ್ರ, ತಡೆಯುವುದೂ ಅವೇ, ತಿರುವಿನಲ್ಲಿ ತಿರುಗುವುದೂ ಅವೇ. 10,000 ಕಿ.ಮೀ.ಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಿಸಿದ್ದರೆ ನಾಲ್ಕೂ ಒಂದೇ ಸಮ ಸವೆಯುತ್ತಿದ್ದವು. ನಾನು ಮಾಡಿಸಿರಲಿಲ್ಲ.

ಆ 7.1ರ ಗುಟ್ಟೂ ಆಗಲೇ ತಿಳಿದಿದ್ದು. ಟೈರು ಉರುಳುವಾಗ ರಬ್ಬರು ಪ್ರತಿ ಸುತ್ತಿನಲ್ಲೂ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಅದರಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ದಪ್ಪ ರಬ್ಬರಿದ್ದರೆ ಜಾಸ್ತಿ, ತೆಳುವಾದಷ್ಟೂ ಕಡಿಮೆ. ಹಾಗಾಗಿ ಸವೆದ ಟೈರು ಹಗುರಾಗಿ ಉರುಳುತ್ತದೆ. ಇನ್ನೊಂದು ವಿಷಯವೂ ಇದೆ. 5 ಮಿ.ಮೀ. ಸವೆದ ಚಕ್ರ ಅಷ್ಟು ಚಿಕ್ಕದಾಗಿರುತ್ತದೆ, ಅಷ್ಟೇ ದಾರಿಗೆ ಜಾಸ್ತಿ ಸುತ್ತು ತಿರುಗುತ್ತದೆ. ಮೀಟರ್ ಎಣಿಸುವುದು ಸುತ್ತುಗಳನ್ನು. ಹಾಗಾಗಿ ನಿಜವಾಗಿ ಓಡಿದ್ದಕ್ಕಿಂತ ಸುಮಾರು ಶೇ 1.5ರಷ್ಟು ಜಾಸ್ತಿ ತೋರಿಸುತ್ತಿತ್ತು. ಟೈರು ಹಾಳಾಗುತ್ತಿದ್ದಷ್ಟೂ ಪರದೆಯ ಮೇಲಿನ ಅಂಕಿ ಚೆನ್ನಾಗುತ್ತಿತ್ತು. ಎಲೆಕ್ಟ್ರಿಕ್ ಗಾಡಿ ಓಡಿಸುವ ನಾವೆಲ್ಲ ದಿನಾ ನೋಡುವುದು ಅದೇ ಅಂಕಿಯನ್ನು, ಅಲ್ವಾ? ಇದನ್ನು ಬರೆಯಬೇಕು ಅನ್ನಿಸಿದ್ದೇ ಅದಕ್ಕೆ.

"ಇನ್ನೂ ಬೋಳಾಗಿಲ್ಲವಲ್ಲ, ಓಡಿಸಿ" ಅಂತ ಗೆಳೆಯರೊಬ್ಬರು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಎಷ್ಟೋ ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ. ಸೀಳುಗಳ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೈ ಅವುಗಳ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತು ಅಂತ ಅರ್ಥ. ನನ್ನದು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಕೂತು ಲೆಕ್ಕ ಹಾಕಿದೆ. 5.2 ಮಿ.ಮೀ. ಸವೆಯಲು 31,000 ಕಿ.ಮೀ. ಹಿಡಿದಿದೆ. ಅಂದರೆ ಒಂದು ಮಿ.ಮೀ.ಗೆ ಸುಮಾರು 6,000. ನಡುಭಾಗ 1.6ಕ್ಕೆ ಇಳಿಯಲು ಇನ್ನೂ 7,000 ಕಿ.ಮೀ. ಇದೆ. ಒಳ ಅಂಚಿಗೆ ನಾಲ್ಕು ಸಾವಿರ ಮಾತ್ರ. ಆ ಸಾವಿರಾರು ಕಿಲೋಮೀಟರ್ ನಾನು ಓಡಿಸುವುದು ಯಾವಾಗ? ಮಳೆಗಾಲದಲ್ಲಿ. ಒಣ ರಸ್ತೆಯಲ್ಲಿ ಸವೆದ ಟೈರೂ ಚೆನ್ನಾಗಿಯೇ ಹಿಡಿಯುತ್ತದೆ. ಆ ಸೀಳುಗಳು ಇರುವುದೇ ನೀರನ್ನು ಆಚೆ ತಳ್ಳುವುದಕ್ಕೆ. ಜಾಗ ಸಾಲದೆ ನೀರು ಟೈರಿನ ಅಡಿಯಲ್ಲೇ ಉಳಿದರೆ ಗಾಡಿ ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಮಳೆಯಲ್ಲಿ ಓಡಿಸುವವರಿಗೆ 3 ಮಿ.ಮೀ.ಗೇ ಬದಲಿಸಿ ಅನ್ನುವ ಸಲಹೆ ಇದೆ. ನಾನು ಅದನ್ನೇ ನನ್ನ ಗೆರೆ ಮಾಡಿಕೊಂಡೆ. ನಾನು ಆಗಲೇ ಅದಕ್ಕಿಂತ ಕೆಳಗಿದ್ದೆ.

ಎರಡೇ ಹೊಸ ಟೈರು ಸಾಕಿತ್ತು. ಎಲ್ಲಿ ಹಾಕಿಸುವುದು? ಮೋಟರ್ ಇರುವುದು ಮುಂದೆ, ಜಾರಿದ್ದೂ ಮುಂದೆ. ಹಾಗಾಗಿ ಹೊಸದು ಮುಂದೆ ಅಂತಲೇ ಅಂದುಕೊಂಡಿದ್ದೆ. ಟೈರು ಹಾಕುವವರೂ ಅಲ್ಲಿಗೇ ಜಾಕ್ ತಂದಿದ್ದರು. ಆದರೆ ಟೈರು ಕಂಪನಿಗಳು ಹೇಳುವುದು ಉಲ್ಟಾ: ಹೊಸದು ಹಿಂದಕ್ಕೆ. ಮುಂದಿನ ಚಕ್ರ ಜಾರಿದರೆ ಕಾಲು ತೆಗೆದು, ಸ್ಟೀರಿಂಗ್ ಹಿಡಿದುಕೊಂಡು ಗಾಡಿಯನ್ನು ದಾರಿಗೆ ತರಬಹುದು. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ನಮ್ಮಂಥವರ ಕೈಗೆ ಅದು ಸಿಗುವುದಿಲ್ಲ. ಅದೂ ಅಲ್ಲದೆ ನನ್ನ ಕಾರಿನಲ್ಲಿ ಕಾಲು ತೆಗೆದ ಕೂಡಲೇ ಮುಂದಿನ ಚಕ್ರ ಮಾತ್ರ ತಡೆಯುತ್ತದೆ, ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಇಷ್ಟು ಹೇಳಿದ ಮೇಲೆ ಅವರೂ ಒಪ್ಪಿದರು. 4.7ರ ಹಳೆಯ ಜೋಡಿ ಮುಂದಕ್ಕೆ ಬಂತು, ಹೊಸದು ಹಿಂದಕ್ಕೆ ಹೋಯಿತು.

ಕೊಳ್ಳುವಾಗ ಒಂದು ಅಂಕಿ ಮಾತ್ರ ದಯವಿಟ್ಟು ನೋಡಿ. ನನ್ನ ಹಳೆಯ ಟೈರಿನ ಪಕ್ಕದಲ್ಲಿ ಅಳತೆಯ ನಂತರ 98 ಅಂತ ಇತ್ತು. ಮೊದಲು ತೋರಿಸಿದ ಟೈರು ಅದೇ ಅಳತೆಯದು, ಆದರೆ 94. ಅದು ಒಂದು ಟೈರು ಹೊರುವ ಭಾರದ ಸಂಕೇತ. 98 ಅಂದರೆ 750 ಕೆ.ಜಿ., 94 ಅಂದರೆ 670. ಬ್ಯಾಟರಿ ಹೊತ್ತ ಗಾಡಿಗೆ ಈ 80 ಕೆ.ಜಿ. ಸಣ್ಣ ವಿಷಯವಲ್ಲ. ಬೇಡ ಅಂದೆ. ತಯಾರಾದ ದಿನವನ್ನೂ ನೋಡಿಕೊಂಡೆ: ಪಕ್ಕದ ಮೇಲೆ 1424 ಅಂತಿದ್ದರೆ 2024ರ 14ನೇ ವಾರ.

ಚಕ್ರಗಳನ್ನು ನೆಟ್ಟಗೆ ಕೂರಿಸುವ ಅಲೈನ್‌ಮೆಂಟನ್ನೂ ಅಂದೇ ಮಾಡಿಸಿದೆ. ಎಡ ಮುಂದಿನ ಚಕ್ರ ನೆಟ್ಟಗಿರಲಿಲ್ಲ, ಒಳ ಅಂಚು ತಿಂದಿದ್ದು ಅದಕ್ಕೇ. ಅದನ್ನು ಹಾಗೇ ಬಿಟ್ಟಿದ್ದರೆ ಈಗ ಮುಂದೆ ಬಂದ ಟೈರನ್ನೂ ಅದು ತಿಂದುಹಾಕುತ್ತಿತ್ತು.

ಯೂನಿಟ್‌ಗೆ 7.1 ಇದ್ದದ್ದು ಈಗ 6.8ಕ್ಕೆ ಇಳಿದಿದೆ. ಮೊದಲ ವಾರ ಅದನ್ನು ನೋಡಿದಾಗೆಲ್ಲ ಬೇಜಾರಾಗುತ್ತಿತ್ತು, ಈಗ ಇಲ್ಲ. ಗೇಜ್ ಕಾರಿನಲ್ಲೇ ಇಟ್ಟಿದ್ದೇನೆ. ಮುಂದಿನ 4.7ರ ಜೋಡಿ 3ಕ್ಕೆ ಇಳಿಯಲು ಲೆಕ್ಕದ ಪ್ರಕಾರ ಹತ್ತು ಸಾವಿರ ಕಿ.ಮೀ. ಇದೆ. 5,000 ಆದ ಕೂಡಲೇ ಒಮ್ಮೆ ಅಳೆಯಬೇಕು, ಎಡಗಡೆಯ ಒಳ ಅಂಚಿನಿಂದ ಶುರುಮಾಡಿ.