ಕಣದಲ್ಲಿ ಕಾಫಿ, ಕೊಲ್ಲಿಯಲ್ಲಿ ಮೋಡ

ಹವಾಮಾನ ಇಲಾಖೆ ಪ್ರತಿ ಗುರುವಾರ ಪ್ರಕಟಿಸುವ ಮುಂದಿನ ವಾರಗಳ ಮುನ್ನೋಟವನ್ನು ಈ ಚಳಿಗಾಲದಲ್ಲಿ ತಪ್ಪದೆ ಓದುತ್ತಿದ್ದೇನೆ. ಮೊದಲು ಕಣ್ಣು ಹೋಗುವುದು ತಂಗಿಯ ಮನೆಯಿರುವ ಕಾರವಾರದ ಕಡೆಗೆ. ಕಡಲು ನಿಧಾನವಾಗಿ ಆರುವುದರಿಂದ ಉತ್ತರ ಕರಾವಳಿಯ ರಾತ್ರಿಗಳು ನಮ್ಮ ಮಡಿಕೇರಿಯಷ್ಟು ತಣ್ಣಗಾಗುವುದಿಲ್ಲ. ನನ್ನ ನಿಜವಾದ ಆತಂಕ ಬಂಗಾಳ ಕೊಲ್ಲಿಯದು. ಅಲ್ಲಿ ಹುಟ್ಟಿದ ವಾಯುಭಾರ ಕುಸಿತ ಪಶ್ಚಿಮಕ್ಕೆ ಸರಿದರೆ, ಡಿಸೆಂಬರಿನಲ್ಲೂ ಕೊಡಗಿನ ಮೇಲೆ ಮೋಡ ಕವಿದು, ಕಣದಲ್ಲಿ ಹರಡಿದ ಅರೇಬಿಕಾ ಕಾಫಿ ಹಣ್ಣಿಗೆ ಬೂಷ್ಟು ಹಿಡಿಯುವ ಭಯವಿರುತ್ತದೆ. ಹಣ್ಣು ಒಣಗಲು 12ರಿಂದ 15 ದಿನಗಳ ಒಳ್ಳೆಯ ಬಿಸಿಲು ಬೇಕು. ಮುನ್ಸೂಚನೆಯನ್ನು ಹೆಚ್ಚು ನಂಬಬಹುದಾದದ್ದು ಮೊದಲ 5 ದಿನಗಳಿಗೆ. ಉಳಿದ ದಿನಗಳನ್ನು ನಾವು ಬೆಳೆಗಾರರು ಧೈರ್ಯದ ಮೇಲೆ ಕಳೆಯುತ್ತೇವೆ ಎಂದು, ಇಂದು ಬೆಳಿಗ್ಗೆ ಒಂದು ಹಿಡಿ ಕಾಫಿಯನ್ನು ಕಿವಿಯ ಬಳಿ ಅಲ್ಲಾಡಿಸುವಾಗ ಅನಿಸಿತು. ಒಳಗಿನ ಬೀಜ ಇನ್ನೂ ಸದ್ದು ಮಾಡುತ್ತಿಲ್ಲ, ಅಂದರೆ ಪೂರ್ತಿ ಒಣಗಿಲ್ಲ. ಟಾರ್ಪಾಲನ್ನು ಕಣದ ಬದಿಯಲ್ಲೇ ಮಡಚಿಟ್ಟಿದ್ದೇನೆ.