ಕ್ಯಾಪ್ಟನ್ ಮೇಡಂ

ನರ್ಸಿಂಗ್ ಶಾಲೆಯ ದಾಖಲೆಯಲ್ಲಿ ಅವರು ಬರೀ ಟ್ಯೂಟರ್. ಹುಡುಗಿಯರ ಬಾಯಲ್ಲಿ ಮಾತ್ರ ಕೊನೆತನಕ ಕ್ಯಾಪ್ಟನ್ ಮೇಡಂ. ಮಂಗಳೂರಿನ ಕೊಂಕಣಿ ಕಥೊಲಿಕ ಮನೆಯಿಂದ ಹೋಗಿ ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದವರು, 1971ರ ಯುದ್ಧದ ಗಾಯಾಳುಗಳನ್ನು ನೋಡಿಕೊಂಡವರು, ಕೊನೆಗೆ ಮದುವೆಯಾದ ಕಾರಣಕ್ಕೆ ಸೇನೆ ಬಿಟ್ಟವರು. ‘ಕಾರಣಕ್ಕೆ’ ಎಂದದ್ದು ಬಾಯಿತಪ್ಪಿ ಅಲ್ಲ. 1977ರ ಸೇನಾ ಸೂಚನೆ 61ರಲ್ಲಿ ನರ್ಸಿಂಗ್ ಅಧಿಕಾರಿಯ ನೇಮಕ ಕೊನೆಗೊಳ್ಳುವ ಸಂದರ್ಭಗಳ ಪಟ್ಟಿಯಿತ್ತು: ವೈದ್ಯಕೀಯ ಮಂಡಳಿ ಅನರ್ಹರೆಂದರೆ, ಮದುವೆಯಾದರೆ, ದುರ್ನಡತೆ ತೋರಿದರೆ. ಕಾಯಿಲೆಗೂ ದುರ್ನಡತೆಗೂ ನಡುವೆ ಮದುವೆ! ಆ ಸೂಚನೆ ರದ್ದಾದದ್ದು 1995ರಲ್ಲಿ. 1988ರಲ್ಲಿ ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಮೇಡಂ ತೀರಿಕೊಂಡಿದ್ದರು. ಇದ್ದಿದ್ದರೂ ಆ ಸುದ್ದಿಗೆ ಮೊದಲು ‘ಡ್ರಮ್ಮಿನ ತೂತು ತೆರೆದಿದ್ದೀರಾ?’ ಎಂದೇ ಕೇಳುತ್ತಿದ್ದರು.

ಡ್ರಮ್ ಎಂದರೆ ಡ್ರೆಸ್ಸಿಂಗ್ ಬಟ್ಟೆ ತುಂಬಿ ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದಲ್ಲಿ, ಇಡುವ ಸ್ಟೀಲ್ ಡಬ್ಬಿ. ಪಕ್ಕದ ತೂತುಗಳ ಪಟ್ಟಿ ಸರಿಸದೆ ಇಟ್ಟರೆ ಒಳಗೆ ಹಬೆ ಹೋಗುವುದಿಲ್ಲ. ಮೀಟರ್ 15 ಪೌಂಡ್ ಒತ್ತಡ, 121 ಡಿಗ್ರಿ ಎಂದು ತೋರಿಸುತ್ತಲೇ ಇರುತ್ತದೆ, ಡ್ರಮ್ಮಿನೊಳಗೆ ಇರುವುದು ಸಿಕ್ಕಿಬಿದ್ದ ಗಾಳಿ. ಬಟ್ಟೆಯನ್ನು ಒತ್ತೊತ್ತಿ ತುರುಕಿದರೂ ಅದೇ ಗತಿ. ಹೊರತೆಗೆದ ಕೂಡಲೇ ತೂತು ಮುಚ್ಚಬೇಕು. ಬಟ್ಟೆ ತೇವವಿದ್ದರೆ ಇಡೀ ಡ್ರಮ್ ವಾಪಸ್, ಏಕೆಂದರೆ ಒದ್ದೆ ಬಟ್ಟೆಯ ದಾರಿಯಲ್ಲಿ ಹೊರಗಿನ ರೋಗಾಣು ಒಳಗಿಳಿಯುತ್ತದೆ.

ಅದು ಗಾಜಿನ ಸಿರಿಂಜಿನ ಕಾಲ. ಬ್ಯಾರೆಲ್ ಎಂಬ ಹೊರಗಿನ ಕೊಳವೆಯಿಂದ ಪ್ಲಂಜರ್ ಎಂಬ ಒಳಗಿನ ಒತ್ತುಕೋಲನ್ನು ಬೇರ್ಪಡಿಸಿ, ಎರಡನ್ನೂ ತೆಳುಬಟ್ಟೆಯಲ್ಲಿ ಸುತ್ತಿ, ತಣ್ಣೀರಿನಲ್ಲಿಟ್ಟ ಮೇಲೆಯೇ ಒಲೆ ಹಚ್ಚಬೇಕು. ಜೋಡಿಸಿಟ್ಟೇ ಕುದಿಸಿದರೆ ಬ್ಯಾರೆಲ್ ಸೀಳುತ್ತದೆ. ಗಡಸು ನೀರಾದರೆ ಸುಣ್ಣ ಕಟ್ಟಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. 20 ನಿಮಿಷದ ಲೆಕ್ಕ ಶುರುವಾಗುವುದು ನೀರು ಕೊತಕೊತ ಕುದಿಯತೊಡಗಿದಾಗ. ನಡುವೆ ಯಾರಾದರೂ ಇನ್ನೊಂದು ಸೂಜಿ ಹಾಕಿದರೆ ಮತ್ತೆ ಒಂದರಿಂದ ಎಣಿಕೆ.

ಮೂಳೆ ಮುರಿತದ ವಾರ್ಡು ಅವರ ನಿಜವಾದ ರಾಜ್ಯ. ಹಸಿ ಪ್ಲಾಸ್ಟರನ್ನು ಅಂಗೈಯಲ್ಲೇ ಎತ್ತಬೇಕು. ಬೆರಳೂರಿದರೆ ಅಲ್ಲಿ ಬೀಳುವ ಕುಳಿ ಒಳಗಿನ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಕೈಕಾಲಿನ ತುದಿಬೆರಳು ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು: ಬಿಳಿಚಿದೆಯೇ, ತಣ್ಣಗಿದೆಯೇ, ಜೋಮು ಹಿಡಿದಿದೆಯೇ, ಆಡಿಸಲು ಬರುತ್ತದೆಯೇ. ನೋವಿನ ಔಷಧ ಕೊಟ್ಟರೂ ನೋವು ಏರುತ್ತಿದೆ ಎಂದು ರೋಗಿ ಹೇಳಿದರೆ ಇನ್ನೊಂದು ಡೋಸ್ ಕೊಟ್ಟು ಮಲಗಿಸುವುದಲ್ಲ, ಡಾಕ್ಟರನ್ನು ಎಬ್ಬಿಸುವುದು. ಊತದಿಂದ ಪ್ಲಾಸ್ಟರ್ ಬಿಗಿಯಾಗಿ ರಕ್ತ ಓಡದೆ ಇದ್ದರೆ ಕೆಲವೇ ತಾಸಿನಲ್ಲಿ ಸ್ನಾಯು ಸಾಯುತ್ತದೆ.

ಬೆಳಗ್ಗೆ ಚರ್ಚಿನಲ್ಲಿ ಬಲಿಪೂಜೆ, ಸಂಜೆ ಮನೆಯಲ್ಲಿ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ, ಇವೆರಡೂ ತಪ್ಪಿದ್ದಿಲ್ಲ. ತರಗತಿಯಲ್ಲಿ ಮಾತ್ರ ಧರ್ಮಬೋಧೆ ಇರಲಿಲ್ಲ, ಸಾಯುವವರ ಬಳಿ ಹೇಗಿರಬೇಕು ಎಂಬ ಪಾಠ ಇತ್ತು. ಹಿಂದೂ ರೋಗಿಯ ಬಾಯಿಗೆ ಮನೆಯವರು ಗಂಗಾಜಲ ಬಿಡುವ ಮೊದಲು ನುಂಗುವ ಶಕ್ತಿ ಇದೆಯೇ ನೋಡಿ. ಇಲ್ಲದಿದ್ದರೆ ತುಟಿ ಒದ್ದೆ ಮಾಡಿಸಿ, ನೀರು ಶ್ವಾಸನಾಳಕ್ಕೆ ಇಳಿದೀತು. ಮುಸ್ಲಿಂ ರೋಗಿಯ ಮುಖವನ್ನು ಪಶ್ಚಿಮಕ್ಕೆ ತಿರುಗಿಸಲು ಮನೆಯವರು ಕೇಳಿದರೆ ಮಂಚವನ್ನೇ ತಿರುಗಿಸಿ, ಕತ್ತನ್ನಲ್ಲ. ಕಥೊಲಿಕ ರೋಗಿಗೆ ಪಾದ್ರಿಗಳು ಪವಿತ್ರ ತೈಲ ಲೇಪಿಸಲು ಬರುವಾಗ ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಹತ್ತಿ, ಒಂದು ಲೋಟ ನೀರು, ಎರಡು ಮೇಣದಬತ್ತಿ. ಆಮ್ಲಜನಕ ನಡೆಯುತ್ತಿದ್ದರೆ ಬತ್ತಿ ಹಚ್ಚುವಂತಿಲ್ಲ. ವಾಲ್ವ್ ಮುಚ್ಚಿದ ತಕ್ಷಣವೂ ಇಲ್ಲ, ಹೊದಿಕೆ ಮತ್ತು ಕೂದಲಿನಲ್ಲಿ ಆಮ್ಲಜನಕ ತಂಗಿರುತ್ತದೆ. ಅಂಗೈಗೆ ತೈಲ ಹಚ್ಚುವುದರಿಂದ ಡ್ರಿಪ್ಪಿನ ಪಟ್ಟಿಗೆ ತಾಗದಂತೆ ನೋಡಿಕೊಳ್ಳಬೇಕು, ತಾಗಿದರೆ ಅಂಟು ಬಿಡುತ್ತದೆ. ಎಣ್ಣೆಗೈಯಲ್ಲಿ ಸಿಲಿಂಡರಿನ ಕೀಲಿ ಮುಟ್ಟಲೇಬಾರದು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸೋಕಿದರೆ ಬೆಂಕಿ. ಸಾವು ಹತ್ತಿರ ಬಂದ ಮೇಲೆಯೇ ಪಾದ್ರಿಯನ್ನು ಕರೆಸುವ ಹಳೆಯ ರೂಢಿ ಅವರಿಗೆ ಹಿಡಿಸುತ್ತಿರಲಿಲ್ಲ. 1972ರಿಂದ ಅದು ರೋಗಿಗಳ ಸಂಸ್ಕಾರ, ರೋಗಿಗೆ ಪ್ರಜ್ಞೆ ಇರುವಾಗಲೇ ಆಗಲಿ ಎನ್ನುತ್ತಿದ್ದರು.

ಇಬ್ಬರು ಮಕ್ಕಳ ತಾಯಿ. ಮಕ್ಕಳ ವಾರ್ಡಿನ ಪಾಠಕ್ಕೆ ಮನೆಯಿಂದಲೇ ಎರಡು ಬಾಟಲಿ ತರುತ್ತಿದ್ದರು, ಎರಡೂ ಪ್ಯಾರಾಸಿಟಮಾಲ್. ಸಿರಪ್ಪಿನ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ., ಹಸುಗೂಸಿನ ಡ್ರಾಪ್ಸಿನ ಒಂದೇ ಮಿ.ಲೀ.ನಲ್ಲಿ 100. ಕಿಲೋ ತೂಕಕ್ಕೆ 15 ಮಿ.ಗ್ರಾಂ. ಎಂದರೆ 10 ಕಿಲೋ ಮಗುವಿಗೆ 150, ಅಂದರೆ ಸಿರಪ್ಪಿನ 6 ಮಿ.ಲೀ. ಆತುರದಲ್ಲಿ ಡ್ರಾಪ್ಸನ್ನೇ 6 ಮಿ.ಲೀ. ಕುಡಿಸಿದರೆ 600, ನಾಲ್ಕು ಪಟ್ಟು. ಪೆಟ್ಟು ಬೀಳುವುದು ಯಕೃತ್ತಿಗೆ. ಅಡುಗೆಮನೆಯ ಚಮಚದಿಂದ ಔಷಧ ಅಳೆಯುವವರನ್ನು ಅವರು ಕ್ಷಮಿಸುತ್ತಿರಲಿಲ್ಲ, ಹೆತ್ತ ತಾಯಿಯಾದರೂ ಸರಿ.

ಅವರ ಕೊನೆಯ ವಾರ ಪಾದ್ರಿಗಳು ತೈಲ ತಂದಾಗ ಮಂಚದ ಪಕ್ಕ ಆಮ್ಲಜನಕದ ಯಂತ್ರ ಓಡುತ್ತಿತ್ತು. ಮಗಳು ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಹತ್ತಿ, ನೀರು ಜೋಡಿಸಿಟ್ಟಿದ್ದಳು. ಮೇಣದಬತ್ತಿ ಎರಡೂ ಇದ್ದವು. ಬೆಂಕಿಪೊಟ್ಟಣ ಅಡುಗೆಮನೆಯಲ್ಲೇ ಇತ್ತು.