ಡಾಕ್ಟರು ಗಂಟೆ ಹೇಳಲಿಲ್ಲ

ಪಾವಗಡದ ಬಿಸಿಲು ಗೊತ್ತಲ್ವಾ, ಬೇಸಿಗೆಯಲ್ಲಿ ರಾತ್ರಿಯೂ ಸೆಕೆ. ಅಂಥದ್ದೊಂದು ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋದ ದೊಡ್ಡಪ್ಪ ಬೆಳಗ್ಗೆ ಮೋಟಾರ್ ಸ್ಟಾರ್ಟರ್ ಪಕ್ಕ ಬಿದ್ದಿದ್ದರು. ಜೀವ ಇರಬಹುದು ಅನ್ನೋ ಆಸೆಗೆ ಎತ್ತಿ ಮಂಚದ ಮೇಲೆ ಮಲಗಿಸಿದೆವು. ಕರೆಂಟ್ ಹೊಡೆದಿರಬಹುದು ಅಂತ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಮಾಡಿ ಪೋಸ್ಟ್ ಮಾರ್ಟಂಗೆ ಕಳಿಸಿದರು. ಹೋಗಿದ್ದು ಹೃದಯಾಘಾತದಿಂದ ಅಂತ ಆಮೇಲೆ ತಿಳಿಯಿತು.

ಅವತ್ತು ಎಲ್ಲರೂ ಕೇಳಿದ್ದು ಒಂದೇ, ಪ್ರಾಣ ಹೋಗಿದ್ದು ಎಷ್ಟು ಹೊತ್ತಿಗೆ? ಪೊಲೀಸರಿಗೆ ಅದು ವರದಿಗೆ ಬೇಕು. ದೊಡ್ಡಮ್ಮನಿಗೆ ನಕ್ಷತ್ರ ನೋಡಿಸಲು ಬೇಕು. ಮಧ್ಯರಾತ್ರಿ ದಾಟಿದರೆ ಧನಿಷ್ಠಾ ಪಂಚಕ, ಸಾವಾದರೆ ಮನೆಗೆ ಕೇಡು ಅಂತ ನಂಬುವ ನಕ್ಷತ್ರಗಳ ಹೊತ್ತು, ಅಂದಿದ್ದರು ಪುರೋಹಿತರು. ಪಂಚಕದಲ್ಲಿ ಹೋಗಿದ್ದರೆ ತಿಂಗಳುಗಟ್ಟಲೆ ಮನೆಗೆ ಬೀಗ. ಹಾಲು ಕರೆಯುವ ಎಮ್ಮೆ ಕಟ್ಟಿಕೊಂಡು ಎಲ್ಲಿಗೆ ಹೋಗೋದು?

ಡಾಕ್ಟರು ನನ್ನನ್ನು ಕರೆದು, "ಬೆಳಗ್ಗೆ ಎತ್ತಿದಾಗ ಕಾಲು ಬಗ್ಗುತ್ತಿತ್ತಾ?" ಎಂದರು. ಬಗ್ಗುತ್ತಿತ್ತು. ಕತ್ತು ಮಾತ್ರ ಜೋಲಲಿಲ್ಲ, ದವಡೆ ಕಚ್ಚಿಕೊಂಡಿತ್ತು, ಮೊಣಕೈ ಬಿಗಿ. ಅದು 6 ಗಂಟೆಯ ಮಾತು. ಮಧ್ಯಾಹ್ನ 12ಕ್ಕೆ ಅವರು ನೋಡುವಾಗ ಕಾಲ್ಬೆರಳವರೆಗೂ ಸೆಟೆದಿತ್ತು.

ಮೈ ಸೆಟೆದಿದ್ದು ನೋಡಿ ಸತ್ತ ಹೊತ್ತು ಅಂದಾಜು ಮಾಡುವುದು ಹೇಗೆ ಅಂತ ಅವರು ಬಿಡಿಸಿ ಹೇಳಿದರು. ಸತ್ತ ತಕ್ಷಣ ಮೈಯೆಲ್ಲ ಸಡಿಲ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು, ಬಿಟ್ಟು ಕೆಲಸ ಮಾಡುತ್ತವೆ. ಹಿಡಿದಿದ್ದನ್ನು ಬಿಡಲು ಎಟಿಪಿ ಅನ್ನೋ ಇಂಧನ ಬೇಕು. ಉಸಿರು ನಿಂತರೆ ಅದು ಖಾಲಿಯಾಗುತ್ತದೆ, ಎಳೆಗಳು ಹಿಡಿದಲ್ಲೇ ಉಳಿಯುತ್ತವೆ. ಕೊಳೆಯಲು ಶುರುವಾದ ಮೇಲೆ ಮತ್ತೆ ಸಡಿಲ. ಬಿಗಿ ಮೊದಲು ಕಾಣುವುದು ರೆಪ್ಪೆ, ದವಡೆಯಲ್ಲಿ. ಆಮೇಲೆ ಕತ್ತು, ಕೈ, ಕೊನೆಗೆ ಕಾಲು. ಈ ಕ್ರಮವನ್ನು 1811ರಲ್ಲೇ ನಿಸ್ಟೆನ್ ಅನ್ನೋ ಫ್ರೆಂಚ್ ವೈದ್ಯ ಬರೆದಿಟ್ಟಿದ್ದಾನಂತೆ.

ಬಿಗಿಯಲು 12 ಗಂಟೆ, ಹಾಗೇ ಇರಲು 12, ಬಿಡಲು 12. ಇದು ಡಾಕ್ಟರಿಕೆ ಓದುವಾಗಿನ ಲೆಕ್ಕ. ಸೆಕೆಯಿದ್ದರೆ, ಜ್ವರವಿದ್ದರೆ, ಸಾಯುವ ಮುಂಚೆ ಮೈಮುರಿದು ದುಡಿದಿದ್ದರೆ ಎಲ್ಲ ಬೇಗ. ದೊಡ್ಡಪ್ಪ ರಾತ್ರಿಯೆಲ್ಲ ಗುದ್ದಲಿ ಹಿಡಿಯುವ ಆಸಾಮಿ. ಕೀಲು ಬಗ್ಗಿಸಲು ಎಷ್ಟು ಬಲ ಬೇಕು ಅಂತ ಉಪಕರಣದಲ್ಲಿ ಅಳೆದು ಇಲಿಗಳ ಮೇಲೆ ಪ್ರಯೋಗ ಮಾಡಿದವರೂ ಇದ್ದಾರೆ. ನಮ್ಮ ಡಾಕ್ಟರ ಉಪಕರಣ ಅವರ ಎರಡು ಕೈ.

ಅವರು ಬರೆದಿದ್ದು "ಪರೀಕ್ಷೆಗೆ 9ರಿಂದ 15 ಗಂಟೆ ಮೊದಲು" ಎಂದು. ಅಂದರೆ ರಾತ್ರಿ 9ರಿಂದ 3ರ ನಡುವೆ. ದೊಡ್ಡಮ್ಮ ಕೈಮುಗಿದು, "ಹನ್ನೊಂದು ಅಂತ ಬರೀರಿ ಸಾಮಿ" ಎಂದರು. "ಮೈ ಅಷ್ಟು ಕರಾರುವಾಕ್ಕಾಗಿ ಹೇಳಲ್ಲ ತಾಯಿ, ಕೊನೆಗೆ ನೋಡಿದವರನ್ನು ಕೇಳಿ" ಎಂದರು ಅವರು.

ಕೇಳಿದೆವು. ಮೋಟಾರ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದಿದ್ದು 11ಕ್ಕೆ. ಆಗ ದೊಡ್ಡಪ್ಪ ಮೋಟಾರ್ ಹಾಕಿ ಪಕ್ಕದ ಹೊಲದವರನ್ನು ಕೂಗಿದ್ದರಂತೆ. ಅಲ್ಲಿಗೆ ಉಳಿದಿದ್ದು 11ರಿಂದ 3. ಪುರೋಹಿತರು ಪಂಚಕವೆಂದೇ ಹಿಡಿದರು. ದೊಡ್ಡಮ್ಮ ಶಾಂತಿ ಮಾಡಿಸಿದರು, ಬೀಗ ಹಾಕಲಿಲ್ಲ.

ಡಾಕ್ಟರು ಒಂದು ಮಾತು ಬರೆದಿದ್ದರೆ ಏನಾಗುತ್ತಿತ್ತು ಅಂತ ಅಣ್ಣ ಈಗಲೂ ಗೊಣಗುತ್ತಾನೆ. ಅಂಥದ್ದೇ ಕಾಗದ ಕೊಲೆ ಕೇಸಿನಲ್ಲಿ ಕೋರ್ಟಿಗೆ ಹೋಗುತ್ತದಲ್ಲ ಅಂದರೆ ಸುಮ್ನಾಗುತ್ತಾನೆ.